‘ಬುಲ್ಲಿ’ ಅಂದ್ರೆ ಗೂಳಿನಾ? ನಮ್ಮ ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಇಂಗ್ಲಿಷಿನ ‘ಬುಲ್ಲಿ’ ಪದ ಬಂದದ್ದು ‘ಬುಲ್’ನಿಂದ, ಅಂದರೆ ಗೂಳಿ. ಸಿಕ್ಕವರ ಮೇಲೆ ಎರಗುವವನೇ ಬುಲ್ಲಿ. ಮಕ್ಕಳಿಗೆ ತಪ್ಪದೆ ಓದಿಸಿ 🙏

ಶಿರಸಿ ಅತ್ತೆ: ನಿಜ ಅಣ್ಣ. ಈಗಿನ ಶಾಲೆಗಳಲ್ಲಿ ಇದೇ ಕಾಟ.

ಸುಮಾ: ದೊಡ್ಡಪ್ಪ, ಇದು ಎಲ್ಲಿಂದ ಬಂತು? ನಿಘಂಟುಗಳು ಬೇರೆ ಹೇಳುತ್ತವೆ. 1530ರ ದಶಕದಲ್ಲಿ ಬುಲ್ಲಿ ಅಂದರೆ ನಲ್ಲ ಅಥವಾ ನಲ್ಲೆ. ಡಚ್ ಭಾಷೆಯಲ್ಲಿ ಪ್ರೇಮಿಗೆ ಇದ್ದ ಪದದಿಂದ ಬಂದಿರಬೇಕು ಅಂತಾರೆ. ಶೇಕ್ಸ್‌ಪಿಯರ್ ನಾಟಕದಲ್ಲಿ ನೇಕಾರ ಬಾಟಮ್‌ನನ್ನು ಜೊತೆಗಾರರು ‘ಬುಲ್ಲಿ ಬಾಟಮ್’ ಅಂತ ಅಕ್ಕರೆಯಿಂದ ಕರೀತಾರೆ. ಇನ್ನೊಂದರಲ್ಲಿ ಸೈನಿಕನೊಬ್ಬ ರಾಜ ಐದನೇ ಹೆನ್ರಿಯನ್ನೇ ಹಾಗೆ ಹೊಗಳುತ್ತಾನೆ. ದಬ್ಬಾಳಿಕೆಯ ಅರ್ಥ ಅಂಟಿಕೊಂಡಿದ್ದು 17ನೇ ಶತಮಾನದ ಕೊನೆಗೆ. ಆಗ ಗೂಳಿಯ ಪ್ರಭಾವವೂ ಇದ್ದಿರಬಹುದು.

ದೊಡ್ಡಪ್ಪ: ನೋಡಿದ್ಯಾ, ಗೂಳಿ ಬಂತಲ್ಲ! ಹಿರಿಯರು ಒಳ್ಳೆ ಮಾತು ಹಾಕಿದರೆ ಸಾರ ತಗೋಬೇಕು. ಪರೀಕ್ಷೆ ಪೇಪರ್ ತಿದ್ದಬಾರದು.

ಸುಮಾ: ಸಾರ ಬೇಡ ಅಂದಿಲ್ಲ. ಮೂಲ ತಪ್ಪಿದೆ ಅಂದೆ, ಅಷ್ಟೇ.

ರಘು: ಗೂಳಿ ಅಂದಾಗ ನೆನಪಾಯ್ತು. ಅಜ್ಜನ ಕೊಟ್ಟಿಗೆಯ ಕೆಂದು ಹೋರಿ! ಹಿಂಡಿ ಬಕೆಟ್ ಕಂಡರೆ ಗೂಟ ಕಿತ್ಕೊಂಡು ಬರ್ತಿತ್ತು. ಅಜ್ಜಿ ಗದರಿದರೆ ಮಾತ್ರ ತಲೆ ತಗ್ಗಿಸಿ ನಿಲ್ಲುತ್ತಿತ್ತು.

ಶಿರಸಿ ಅತ್ತೆ: ಹಣೆ ಮೇಲೆ ಬಿಳಿ ಚುಕ್ಕಿ. ಅದಕ್ಕೆ ಕಲಗಚ್ಚು ಕೊಡದೆ ಅಮ್ಮ ಮಲಗುತ್ತಿರಲಿಲ್ಲ.

ಚಿಕ್ಕಪ್ಪ: ಅದನ್ನು ಮಾರಿದ್ದು ಯಾರು, ಅದನ್ನೂ ಹೇಳಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ದೊಡ್ಡಪ್ಪ: ನಿನ್ನ ಫೀಸಿಗೇ ಮಾರಿದ್ದು ಕಣೋ.

ಚಿಕ್ಕಪ್ಪ: ಆ ಫೀಸಿನ ಮಾತು ಪ್ರತಿ ಹಬ್ಬದಲ್ಲೂ ಕೇಳಿದ್ದೇನೆ. ಯಾವ ಕೋರ್ಸು, ಯಾವ ಹುಡುಗಿ, ಎಲ್ಲಿ ಮನೆ, ಎಲ್ಲಾ ನೀನೇ ತೀರ್ಮಾನ ಮಾಡಿದೆ.

ಚಿಕ್ಕಮ್ಮ: ಆ ಹುಡುಗಿ ಇದೇ ಗುಂಪಿನಲ್ಲಿದ್ದಾಳೆ, ನೆನಪಿರಲಿ.

ದೊಡ್ಡಪ್ಪ: ಪ್ರೀತಿ ಇದ್ದದ್ದಕ್ಕೇ ಮಾಡಿದೆ. ಅಪ್ಪ ಹೋದಾಗ ನೀನು ಹೈಸ್ಕೂಲು.

ಸುಮಾ: ಪ್ರೀತಿ ಇತ್ತು ದೊಡ್ಡಪ್ಪ, ಸುಳ್ಳಲ್ಲ. ಆದರೂ ಚಿಕ್ಕಪ್ಪನನ್ನು ಕೇಳಬೇಕಿತ್ತು.

ಶಿರಸಿ ಅತ್ತೆ: ಸುಮಾ, ದೊಡ್ಡವರ ಮಧ್ಯೆ ಬರಬೇಡ.

ರಘು: ಹೋರಿ ಫೋಟೋ ಯಾರ ಹತ್ತಿರವಾದರೂ ಇದೆಯಾ?

ಚಿಕ್ಕಪ್ಪ: ಫೋಟೋ ಆಮೇಲೆ. ಭಾನುವಾರ ತೋಟದ ಪಾಲಿನ ಮಾತಿದೆ. ಈ ಸಲ ಕಾಗದ ಮೊದಲು ನಾನು ಪೂರ್ತಿ ಓದುತ್ತೇನೆ ಅಣ್ಣ. ಸಹಿ ಅದಾದ ಮೇಲೆ.