ನಿಯರರ್, ಕ್ಲೋಸರ್, ನೆಕ್ಸ್ಟ್: ಕಲಿತವರು ಅನುಭವ ಹೇಳಿ

ದಾವಣಗೆರೆಯ ಅಭ್ಯರ್ಥಿ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪ್ರಶ್ನೆಗಳಲ್ಲಿ ‘ನಿಯರರ್’, ‘ಕ್ಲೋಸರ್’, ‘ನಿಯರೆಸ್ಟ್’, ‘ನೆಕ್ಸ್ಟ್’ ಬಂದಲ್ಲೆಲ್ಲ ಅಂಕ ಹೋಗುತ್ತಿದೆ. ಕೋಚಿಂಗ್ ಸೇರಬೇಕೇ, ಮನೆಯಲ್ಲೇ ಓದಿದರೆ ಸಾಕೇ?

ಹಾಸನದ ನೊಂದವನು: ಕೋಚಿಂಗಿನ ಮಾತೆತ್ತಬೇಡಿ. ಶುಲ್ಕ 14,500 ರೂಪಾಯಿ, ಪುಸ್ತಕಕ್ಕೆ 2,100, ‘ವ್ಯಕ್ತಿತ್ವ ವಿಕಸನ’ದ ಹೆಸರಿನಲ್ಲಿ 800. ರಸೀದಿ ಬೇಕೆಂದರೆ ಜಿಎಸ್‌ಟಿ ಬೇರೆ ಎಂದರು. ಇಷ್ಟೆಲ್ಲ ತೆತ್ತ ಮೇಲೆ ಆ ಮಹಾನುಭಾವ ಹಲಗೆಯ ಮೇಲೆ ಬರೆದದ್ದು ‘ಮೋರ್ ನಿಯರರ್’! ‘ಅರ್’ ಇರುವಾಗ ‘ಮೋರ್’ ಏಕೆ ಎಂದು ಕೇಳಿದೆ. ‘ಒತ್ತು ಕೊಡಲು’ ಎಂದ. ನನ್ನ ದುಡ್ಡಿಗೂ ಒತ್ತು ಬಿತ್ತು.

ಮಂಡ್ಯದ ನಿವೃತ್ತ ಮೇಷ್ಟ್ರು: ಕನ್ನಡ ಮಾಧ್ಯಮದ ಮಕ್ಕಳಿಗೇ ಜೀವನಪೂರ್ತಿ ಇಂಗ್ಲಿಷ್ ಕಲಿಸಿದ್ದೇನೆ, ಒಂದು ರೂಪಾಯಿ ಟ್ಯೂಷನ್ ಪಡೆಯದೆ. ನಿಯರೆಸ್ಟ್ ದೂರದ ಲೆಕ್ಕ, ನೆಕ್ಸ್ಟ್ ಸರದಿಯ ಲೆಕ್ಕ. ಮೆಟ್ರೊದೊಳಗೆ ಕುಳಿತವನಿಗೆ ಬರುವುದು ನೆಕ್ಸ್ಟ್ ಸ್ಟೇಷನ್, ರಸ್ತೆಯಲ್ಲಿ ನಿಂತವನು ಹುಡುಕುವುದು ನಿಯರೆಸ್ಟ್ ಸ್ಟೇಷನ್. ತಮಾಷೆಯೆಂದರೆ, ಹಳೆಯ ಇಂಗ್ಲಿಷಿನಲ್ಲಿ ‘ನೈ’ (ಹತ್ತಿರ) ಎಂಬ ಪದಕ್ಕೆ ‘ನಿಯರ್’ ಕಂಪ್ಯಾರಟಿವ್ (ಇನ್ನೂ ಹತ್ತಿರ) ಆಗಿತ್ತು, ‘ನೆಕ್ಸ್ಟ್’ ಸೂಪರ್ಲೇಟಿವ್ (ಎಲ್ಲಕ್ಕಿಂತ ಹತ್ತಿರ) ಆಗಿತ್ತು. ‘ನಿಯರರ್’ ಎಂಬುದರಲ್ಲೇ ಹೋಲಿಕೆ ಎರಡು ಸಲ ಕುಳಿತಿದೆ.

ಹಾಸನದ ನೊಂದವನು: ಅಂದರೆ ನನಗೆ ಮೂರು ಸಲದ್ದನ್ನು ಮಾರಿದ್ದಾರೆ!

ಟೊರಾಂಟೊದ ಕನ್ನಡತಿ: ಇಲ್ಲಿ ಮಾತಿನಲ್ಲಿ ‘ನಿಯರರ್’ ಕಿವಿಗೆ ಬೀಳುವುದೇ ಅಪರೂಪ, ಎಲ್ಲವೂ ‘ಕ್ಲೋಸರ್’. ನಾನು ಅದನ್ನೇ ಹಿಡಿದೆ, ಗೆದ್ದೆ. ಉಚ್ಚಾರದಲ್ಲಿ ಸಕಾರವಿರಲಿ. ಜಕಾರ ಬಂದರೆ ಬಾಗಿಲು ಮುಚ್ಚುವ ಮಾತಾಗುತ್ತದೆ. ಆಪ್ತ ಗೆಳತಿ ‘ಕ್ಲೋಸ್’, ‘ನಿಯರ್’ ಅಲ್ಲ. ಆದರೆ ‘ನಿಯರ್ ಫ್ಯೂಚರ್’ ಎನ್ನುವಲ್ಲಿ ‘ಕ್ಲೋಸ್’ ನಡೆಯದು. ಸಬ್‌ವೇಗೆ, ಅಂದರೆ ಇಲ್ಲಿನ ಮೆಟ್ರೊಗೆ, ‘ಕ್ಲೋಸರ್’ ಎಂಬ ಒಂದೇ ಕಾರಣಕ್ಕೆ ಈ ಮನೆಗೆ ತಿಂಗಳಿಗೆ 350 ಡಾಲರ್ ಹೆಚ್ಚು ತೆರುತ್ತಿದ್ದೇನೆ. ಜೊತೆಗೆ ಹೀಟಿಂಗ್ ಬಿಲ್, ಪಾರ್ಕಿಂಗ್…

ಮಂಡ್ಯದ ನಿವೃತ್ತ ಮೇಷ್ಟ್ರು: ತಾಯಿ, ಪರೀಕ್ಷೆ ನಡೆಯುವುದು ದಾವಣಗೆರೆಯಲ್ಲಿ. ‘ನಿಯರರ್’ ಶುದ್ಧ ಇಂಗ್ಲಿಷ್. ‘ನಿಯರರ್ ದಿ ಸ್ಟೇಷನ್’ ಎಂದು ‘ಟು’ ಇಲ್ಲದೆಯೂ ಬರೆಯಬಹುದು, ‘ಕ್ಲೋಸರ್’ಗೆ ‘ಟು’ ಬೇಕೇ ಬೇಕು. ಕೆನಡಾದ ಬಾಡಿಗೆಯಿಂದ ವ್ಯಾಕರಣ ನಿರ್ಧಾರವಾಗುವುದಿಲ್ಲ.

ಟೊರಾಂಟೊದ ಕನ್ನಡತಿ: ‘ನಿಯರರ್’ ತಪ್ಪು ಎಂದು ಎಲ್ಲಿ ಬರೆದಿದ್ದೇನೆ? ಓದದೆಯೇ ಕೆಂಪು ಶಾಯಿ ಎಳೆಯುವ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿಲ್ಲ.

ಧಾರವಾಡದ ಗುಮಾಸ್ತ: ಇಬ್ಬರೂ ಮೂಲವನ್ನೇ ಬಿಟ್ಟಿದ್ದೀರಿ. ಕನ್ನಡದಲ್ಲಿ ‘ಹತ್ತಿರ’ ಬದಲಾಗುವುದೇ ಇಲ್ಲ, ‘ಗಿಂತ’ ಸೇರಿಸಿದರೆ ಕೆಲಸ ಮುಗಿಯಿತು. ಅದಕ್ಕೇ ನಮ್ಮವರು ‘ನಿಯರರ್ ದ್ಯಾನ್’ ಎನ್ನುವ ಬದಲು ‘ನಿಯರ್ ದ್ಯಾನ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಇದನ್ನು ಐದನೇ ತರಗತಿಯಲ್ಲೇ ಹೇಳಿಕೊಡುವ ಶಿಕ್ಷಕರಿದ್ದಿದ್ದರೆ ನಾನು ಇಂದು ಗುಮಾಸ್ತನಾಗಿರುತ್ತಿರಲಿಲ್ಲ.

ಮಂಡ್ಯದ ನಿವೃತ್ತ ಮೇಷ್ಟ್ರು: ಎಲ್ಲದಕ್ಕೂ ಶಿಕ್ಷಕರೇ ಹೊಣೆ! ಐವತ್ತು ಮಕ್ಕಳ ತರಗತಿಗೆ ಒಂದು ದಿನ ಬಂದು ನಿಲ್ಲಿ, ಆಮೇಲೆ ಮಾತನಾಡಿ.

ಧಾರವಾಡದ ಗುಮಾಸ್ತ: ನಿಂತವರನ್ನು ನೋಡಿದ್ದೇನೆ, ಕುರ್ಚಿಯಲ್ಲಿ ನಿದ್ದೆ ಹೋದವರನ್ನೂ ನೋಡಿದ್ದೇನೆ. ಅದಿರಲಿ, ಹಾಸನದವರೇ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ.

ಹಾಸನದ ನೊಂದವನು: ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ?

ಧಾರವಾಡದ ಗುಮಾಸ್ತ: ಯುಪಿಐ ವಿವರ ಇರಬೇಕಲ್ಲ.

ಹಾಸನದ ನೊಂದವನು: ನಗದು ಕೊಟ್ಟರೆ 500 ರಿಯಾಯಿತಿ ಎಂದಿದ್ದರು.