ಪದಚರ್ಚೆ: ಗೋವಿನಜೋಳದ ಸೂಲಂಗಿಯಲ್ಲಿ ಕಾಳು ಕಟ್ಟಿದರೆ ಅದಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾವೇರಿ ಕಡೆಯ ಹೈಸ್ಕೂಲ್ ಮಕ್ಕಳಿಗೆ ಗೋವಿನಜೋಳದ ಹೂವಿನ ಬಗ್ಗೆ ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು), ತೆನೆ, ತೆನೆಯ ಕೂದಲು ಅವರಿಗೆ ಹೊಲದಲ್ಲೇ ಗೊತ್ತು. ತೊಡಕಿರುವುದು ಜೀನ್ ಕೆಟ್ಟು ಆಗುವ 'ಟ್ಯಾಸೆಲ್‌ಸೀಡ್' ಎಂಬ ಮ್ಯುಟೇಶನ್‌ನಲ್ಲಿ. ಗಂಡು ಹೂ ಇರಬೇಕಾದ ಸೂಲಂಗಿಯಲ್ಲೇ ಕೂದಲು ಬಂದು ಕಾಳು ಕಟ್ಟುತ್ತದೆ.

"ಗಂಡು ಹೂ ಹೆಣ್ಣಾಗಿ ಬದಲಾಯಿತು" ಎಂದು ಬರೆಯಲು ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಗೋವಿನಜೋಳದ ಪ್ರತಿ ಹೂವಿನಲ್ಲೂ ಶುರುವಿಗೆ ಗಂಡುಭಾಗ, ಹೆಣ್ಣುಭಾಗ ಎರಡೂ ಮೂಡುತ್ತವೆ. ಆಮೇಲೆ ಸೂಲಂಗಿಯಲ್ಲಿ ಹೆಣ್ಣುಭಾಗ ಸಾಯುತ್ತದೆ, ತೆನೆಯಲ್ಲಿ ಗಂಡುಭಾಗವಾದ ಕೇಸರಗಳ ಬೆಳವಣಿಗೆ ನಿಲ್ಲುತ್ತದೆ. ಸೂಲಂಗಿಯ ಹೆಣ್ಣುಭಾಗ ಸಾಯಲು ಗಿಡದಲ್ಲೇ ತಯಾರಾಗುವ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನ್ ಬೇಕು. ಟ್ಯಾಸೆಲ್‌ಸೀಡ್-1 ಜೀನ್ ಈ ಆಮ್ಲ ತಯಾರಾಗುವ ಒಂದು ಹಂತವನ್ನು ನಡೆಸುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಆ ಜೀನ್ ಕೆಟ್ಟರೆ ಹೆಣ್ಣುಭಾಗ ಉಳಿದುಬಿಡುತ್ತದೆ. ಹೊರಗಿನಿಂದ ಆಮ್ಲ ಕೊಟ್ಟರೆ ಮತ್ತೆ ಗಂಡು ಹೂವೇ ಬರುತ್ತದೆ! ಅಂದರೆ ಇಲ್ಲಿ ಯಾವುದೂ 'ಬದಲಾಗಿಲ್ಲ', ಹೋಗಬೇಕಾದದ್ದು ಹೋಗಿಲ್ಲ, ಅಲ್ವಾ?

'ಬದಲಾಯಿತು' ಎಂಬ ಮಾತು 'ಸಿಲ್ಕಿ-1' ಮ್ಯುಟೇಶನ್‌ಗೆ ಸರಿ. ಅದರಲ್ಲಿ ಕೇಸರ ಹುಟ್ಟಬೇಕಾದ ಜಾಗದಲ್ಲೇ ಕೂದಲಿರುವ ಹೆಣ್ಣುಭಾಗ ಹುಟ್ಟುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ ಬಳಸಿದರೆ ಮಕ್ಕಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಇನ್ನು 'ಮ್ಯುಟೇಶನ್' ಎಂದರೆ ನಮ್ಮ ರೈತರ ಮನೆಗಳಲ್ಲಿ ಪಹಣಿಯಲ್ಲಿ ಹೆಸರು ಬದಲಾಗುವುದು. ಪಠ್ಯದ 'ಉತ್ಪರಿವರ್ತನೆ' ಬಾಯಿಗೆ ಭಾರ. 'ಜೀನ್ ಮಾರ್ಪಾಡು' ನಡೆಯುತ್ತದೆಯೇ? ಯಾರೋ ಬೇಕೆಂದೇ ಮಾಡಿದ್ದು ಎಂಬ ಅರ್ಥ ಬಂದೀತೇ ಎಂಬ ಅಳುಕು ನನಗಿದೆ.

ಟ್ಯಾಸೆಲ್‌ಸೀಡ್‌ಗೆ 'ಸೂಲಂಗಿಗಾಳು' ಎಂದು ಇಟ್ಟುಕೊಂಡಿದ್ದೇನೆ. ಒಂದು ಎಚ್ಚರ ಬೇಕು. ಬುಡದಿಂದ ಒಡೆದ ಮರಿಗಳ ತುದಿಯಲ್ಲೂ ಒಮ್ಮೊಮ್ಮೆ ಕಾಳು ಕಟ್ಟುತ್ತದೆ. ಅದು ಸಾಮಾನ್ಯವಾಗಿ ಬೆಳೆದ ಪರಿಸ್ಥಿತಿಯಿಂದ ಆಗುವುದು, ಜೀನ್ ಕೆಟ್ಟು ಅಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಹೆಸರಿದ್ದರೆ ಒಳ್ಳೆಯದು.

ರಾಣೆಬೆನ್ನೂರು, ಗದಗ, ಧಾರವಾಡ ಸುತ್ತಮುತ್ತ ಇಂಥ ಗಿಡಕ್ಕೆ ರೈತರು ಏನೆನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ಮಾತನ್ನು ಹಾಗೇ ಬರೆದು ಕಳಿಸಿ. ಊರಿನ ಹೆಸರೂ ಇರಲಿ.