ಜಿಟಿ ರೇಸಿಂಗ್: ಯಾವ ಸರಣಿಗೆ ಇಳಿಯಬೇಕು ಅಂತ ಕಾರು ಕಂಪನಿ ಹೇಗೆ ತೀರ್ಮಾನಿಸುತ್ತದೆ?

ಕೋಡಿಬಾಗ್_ಕಾರವಾರ:
ಜಿಟಿ3 ಅಂದರೆ ರಸ್ತೆಯ ಸ್ಪೋರ್ಟ್ಸ್ ಕಾರನ್ನು ಆಧರಿಸಿ ಮಾಡಿದ ರೇಸ್ ಕಾರು. 2024ರ ಡಬ್ಲ್ಯುಇಸಿಯ (ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್, ಗಂಟೆಗಟ್ಟಲೆ ನಡೆಯುವ ರೇಸ್‌ಗಳ ಸರಣಿ) ಜಿಟಿ3 ಕಾರುಗಳ ವರ್ಗವಾದ ಎಲ್‌ಎಂಜಿಟಿ3ಯಲ್ಲಿ ಒಂಬತ್ತು ಕಂಪನಿಗಳಿದ್ದವು, ಆದರೆ ಮರ್ಸಿಡಿಸ್ ಇರಲಿಲ್ಲ. ಮರುವರ್ಷ ಲ್ಯಾಂಬೋರ್ಗಿನಿ ಹೋಯ್ತು, ಮರ್ಸಿಡಿಸ್ ಬಂತು. ಅಷ್ಟು ಗೆದ್ದ ಆಡಿ ಜಿಟಿ3ಯಿಂದಲೇ ಕೈತೊಳೆದುಕೊಂಡಿತು. ಒಂದೇ ಜಿಟಿ3 ಕಾರು ಸ್ಪಾ, ಡೇಟೋನಾ, ನ್ಯೂರ್‌ಬರ್ಗ್‌ರಿಂಗ್, ಲೆ ಮಾನ್ಸ್ ಎಲ್ಲ ಕಡೆ ಓಡುತ್ತದೆ ಅಂದಮೇಲೆ, ಇಲ್ಲಿಗೆ ಹೋಗೋಣ, ಅಲ್ಲಿಗೆ ಬೇಡ ಅನ್ನುವುದು ಯಾವ ಲೆಕ್ಕದ ಮೇಲೆ? ಗೆಲ್ಲುವ ಅವಕಾಶ ನೋಡಿಯೋ, ಖರ್ಚು ನೋಡಿಯೋ?

ದೇವಿಮನೆ_ಘಟ್ಟ:
ದುಡ್ಡು ಯಾರು ಹಾಕುತ್ತಾರೆ ಅನ್ನುವುದರಿಂದ ಶುರು ಮಾಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ನಮ್ಮ ಕಡೆ ಯಕ್ಷಗಾನದಲ್ಲಿ ಹರಕೆ ಆಟಕ್ಕೂ ಡೇರೆ ಆಟಕ್ಕೂ ಇರುವ ವ್ಯತ್ಯಾಸವೇ ಇಲ್ಲೂ. ಹರಕೆ ಆಟದ ಖರ್ಚು ಆಡಿಸುವವರದ್ದು, ಡೇರೆ ಹಾಕಿದರೆ ನಷ್ಟವೂ ಮೇಳದ ಯಜಮಾನರದ್ದೇ. ಜಿಟಿ3 ಬಹುಮಟ್ಟಿಗೆ ಹರಕೆ ಆಟ. ಕಂಪನಿ ಕಾರು ಮಾಡಿ ಮಾರುತ್ತದೆ, ಓಡಿಸುವ ಖರ್ಚು ಖಾಸಗಿ ತಂಡದ್ದು. 2006ರಲ್ಲಿ ರೇಸ್ ಸಂಘಟಕ ಸ್ಟೆಫಾನ್ ರಾಟೆಲ್ ಅವರ ಎಸ್‌ಆರ್‌ಒ ಸಂಸ್ಥೆ ಈ ವರ್ಗ ಶುರುಮಾಡಿದ್ದೇ ಕೊಂಡು ಓಡಿಸುವವರಿಗಾಗಿ.

ಬಿಎಂಡಬ್ಲ್ಯು ಎಂ4 ಜಿಟಿ3 ಬಂದಾಗ ಅದರ ಬೆಲೆ ತೆರಿಗೆ ಬಿಟ್ಟು 4,15,000 ಯೂರೋ. 2022ರಲ್ಲಿ ಪ್ರಕಟವಾದ ಪೋರ್ಶೆ 911 ಜಿಟಿ3 ಆರ್ 5,11,000ಕ್ಕೆ ಬಂತು. ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎಯ ಹೋಮೋಲೋಗೇಶನ್ (ರೇಸಿಗೆ ಇಳಿಯಲು ಕಾರಿಗೆ ಬೇಕಾದ ಮಾನ್ಯತೆ) ಬೇಕಾದರೆ ಎರಡು ವರ್ಷದೊಳಗೆ ಕನಿಷ್ಠ 20 ಕಾರು ತಯಾರಾಗಬೇಕು. ಬಿಎಂಡಬ್ಲ್ಯು ದರದಲ್ಲಿ ಅಷ್ಟೂ ಮಾರಿದರೂ ಬರುವುದು 83 ಲಕ್ಷ ಯೂರೋ. ವಿನ್ಯಾಸ, ಗಾಳಿಸುರಂಗ, ಪರೀಕ್ಷಾ ಓಟಗಳ ಖರ್ಚಿನ ಮುಂದೆ ಇದು ದೊಡ್ಡ ಮೊತ್ತವಲ್ಲ. ಹಾಗಾಗಿ ಆಮೇಲಿನ ಬಿಡಿಭಾಗ, ಎಂಜಿನ್ ರಿಬಿಲ್ಡ್, ಇವೊ ಕಿಟ್ (ಹಳೇ ಕಾರನ್ನು ಸುಧಾರಿಸುವ ಭಾಗಗಳ ಕಟ್ಟು) ಮಾರಾಟ ಮುಖ್ಯವಾಗುತ್ತದೆ. ಬಿಡಿಭಾಗ ಬಿಕರಿಯಾಗಬೇಕಾದರೆ ಕಾರುಗಳು ವರ್ಷವಿಡೀ ಓಡುತ್ತಿರಬೇಕು. ಆದ್ದರಿಂದ ಕಂಪನಿ ಮೊದಲು ನೋಡುವುದು ಕಾರು ಕೊಳ್ಳುವ ತಂಡಗಳು ಯಾವ ಸರಣಿಯಲ್ಲಿವೆ ಅಂತ. ಟ್ರೋಫಿಯ ಲೆಕ್ಕ ಅದರ ನಂತರ.

ಆಡಿ ಕಥೆ ಇಲ್ಲೇ ಅರ್ಥವಾಗುತ್ತದೆ. 2024ರಲ್ಲಿ ಆರ್8 ರಸ್ತೆ ಕಾರಿನ ಉತ್ಪಾದನೆಯೇ ನಿಂತಿತು, ಹಣವೆಲ್ಲ 2026ರ ಫಾರ್ಮುಲಾ 1ರ ಕಡೆ ಹೋಯಿತು. ಶೋರೂಮಿನಲ್ಲಿ ಇಲ್ಲದ ಕಾರಿಗೆ ಹೊಸ ಜಿಟಿ3 ಮಾಡಿಸಲು ಯಾವ ಮಂಡಳಿಯೂ ಸಹಿ ಹಾಕುವುದಿಲ್ಲ.

ಶಿರಸಿ_ಪಿಟ್‌ಲೇನ್:
ಮೇಲಿನದು ಸರಿ, ಆದರೆ ಡಬ್ಲ್ಯುಇಸಿಗೆ ಹೊಂದುವುದಿಲ್ಲ. ಅಲ್ಲಿ ಮನಸ್ಸು ಮಾಡಿದರೆ ಸಾಲದು, ಜಾಗ ಸಿಗಬೇಕು. ಎಲ್‌ಎಂಜಿಟಿ3ಗೆ 2024ರಲ್ಲಿ ಇದ್ದದ್ದು 18 ಜಾಗ, ಕಂಪನಿಗೆ ಎರಡರಂತೆ. ಡಬ್ಲ್ಯುಇಸಿಯ ಅತಿ ಮೇಲಿನ ವರ್ಗವಾದ ಹೈಪರ್‌ಕಾರ್‌ನಲ್ಲಿರುವ ಕಂಪನಿಗಳಿಗೆ ಆದ್ಯತೆ. ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಅಲ್ಲಿ ಇದ್ದುದರಿಂದ ಅದೇ ಕಂಪನಿಯ ಕಾರ್ವೆಟ್‌ಗೆ, ಟೊಯೋಟಾ ಇದ್ದುದರಿಂದ ಅದರ ಲೆಕ್ಸಸ್‌ಗೆ ಅನುಕೂಲವಾಯಿತು. ಮರ್ಸಿಡಿಸ್‌ಗೆ ಹೈಪರ್‌ಕಾರ್ ಇರಲಿಲ್ಲ.

2025ಕ್ಕೆ ಹೈಪರ್‌ಕಾರ್ ಕಂಪನಿಗಳು ಎರಡೆರಡು ಕಾರು ಓಡಿಸಲೇಬೇಕು ಅಂತ ನಿಯಮ ಬಂತು. ಲ್ಯಾಂಬೋರ್ಗಿನಿ ಒಂದೇ ಹೈಪರ್‌ಕಾರ್ (ಎಸ್‌ಸಿ63) ಓಡಿಸುತ್ತಿತ್ತು, ಅಲ್ಲಿಂದ ಹೊರಬಂತು. ಜಿಟಿ3 ಜಾಗವೂ ಹೋಯ್ತು. ಅದರ ಜಿಟಿ3 ಕಾರು ಹುರಾಕಾನ್ ಓಡಿಸುತ್ತಿದ್ದ ಐರನ್ ಲಿಂಕ್ಸ್ ತಂಡ ಮರ್ಸಿಡಿಸ್ ಹಿಡಿಯಿತು. ಗಮನಿಸಿ, ತಂಡ ಅದೇ, ಬದಲಾಗಿದ್ದು ಕಾರು.

ಖರ್ಚಿನ ಇನ್ನೊಂದು ಬಾಬತ್ತು ತಂತ್ರಜ್ಞಾನದ್ದು. ಎಲ್‌ಎಂಜಿಟಿ3ಯಲ್ಲಿ ಡ್ರೈವ್‌ಶಾಫ್ಟ್ ಮೇಲೆ ಟಾರ್ಕ್ ಸೆನ್ಸರ್ ಕಡ್ಡಾಯ. ಚಕ್ರಕ್ಕೆ ಹೋಗುವ ಶಕ್ತಿಯನ್ನು ಅಲ್ಲೇ ಅಳೆಯುತ್ತಾರೆ, ಮಿತಿ ದಾಟಿದರೆ ಶಿಕ್ಷೆ. ಸೆನ್ಸರ್ ದುಬಾರಿ, ಅದಕ್ಕೆ ತಕ್ಕಂತೆ ಎಂಜಿನ್ ಮ್ಯಾಪಿಂಗ್ (ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಹೊಂದಿಕೆ) ಬೇರೆಯೇ ಮಾಡಬೇಕು.

ಟೈರ್ ಅಂತೂ ದೊಡ್ಡ ತಲೆನೋವು. ಡಬ್ಲ್ಯುಇಸಿಯಲ್ಲಿ ಗುಡ್‌ಇಯರ್, ಅಮೆರಿಕದ ಇಮ್ಸಾ ಸರಣಿಯಲ್ಲಿ ಮಿಶೆಲಿನ್, ಎಸ್‌ಆರ್‌ಒದಲ್ಲಿ ಪಿರೆಲ್ಲಿ, ಜಪಾನಿನ ಸೂಪರ್ ಜಿಟಿಯಲ್ಲಿ ಟೈರ್ ಕಂಪನಿಗಳ ನಡುವೆಯೇ ಪೈಪೋಟಿ. ಒಂದು ಟೈರಿನಲ್ಲಿ ಚೆನ್ನಾಗಿ ಕೂತ ಕ್ಯಾಂಬರ್ (ಚಕ್ರದ ಓರೆ), ಸ್ಪ್ರಿಂಗ್, ಡ್ಯಾಂಪರ್ ಸೆಟಪ್ ಇನ್ನೊಂದರಲ್ಲಿ ಹಿಂದಿನ ಟೈರ್‌ಗಳನ್ನು ಬೇಗ ತಿಂದುಹಾಕುತ್ತದೆ. ಹೊಸ ಸರಣಿ ಅಂದರೆ ಆ ಟೈರಿಗಾಗಿ ಮತ್ತೊಂದು ಸುತ್ತು ಪರೀಕ್ಷೆ, ಅದರ ಜೊತೆ ಅಲ್ಲಿಗೆ ಬೇರೆ ಬಿಡಿಭಾಗದ ಲಾರಿ, ಬೇರೆ ಎಂಜಿನಿಯರ್‌ಗಳು. ಸಣ್ಣ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಬಂಪರ್, ಸಸ್ಪೆನ್ಶನ್ ಆರ್ಮ್ ಸಮಯಕ್ಕೆ ಸಿಗದಿದ್ದರೆ ತಂಡ ಮರುವರ್ಷ ಪೋರ್ಶೆ ಕೊಳ್ಳುತ್ತದೆ.

ಕೋಡಿಬಾಗ್_ಕಾರವಾರ:
ಬಿಒಪಿ (ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್) ನಿಯಮ ಎಲ್ಲರನ್ನೂ ಸಮ ಮಾಡುತ್ತದಲ್ಲ, ಹಾಗಾದರೆ ಗೆಲುವಿಗೆ ಬೆಲೆಯೇ ಇಲ್ಲವೇ? ಫೋರ್ಡ್, ಕಾರ್ವೆಟ್ ಸ್ವಂತ ಹಣ ಸುರಿಯುವುದು ಯಾಕೆ?

ದೇವಿಮನೆ_ಘಟ್ಟ:
ಬಿಒಪಿ ಅಂದರೆ ಕಾರಿಗೆ ತೂಕ ಸೇರಿಸುವುದು, ಗಾಳಿ ಹೋಗುವ ರಿಸ್ಟ್ರಿಕ್ಟರ್ ಅಥವಾ ಟರ್ಬೊ ಬೂಸ್ಟ್ ಕಡಿಮೆ ಮಾಡುವುದು, ನೆಲದಿಂದ ಎತ್ತರ ನಿಗದಿ ಮಾಡುವುದು. ಪ್ರತಿ ಸರಣಿಯೂ ತನ್ನದೇ ಪಟ್ಟಿ ಹೊರಡಿಸುತ್ತದೆ. ಅತಿ ವೇಗದ ಕಾರು ಮಾಡಿ ಲಾಭವಿಲ್ಲ, ವೇಗ ಮರುದಿನವೇ ಕತ್ತರಿಸಿ ಹೋಗುತ್ತದೆ. ಟೈರ್ ಸವೆಸದ, ಹವ್ಯಾಸಿ ಚಾಲಕನಿಗೂ ಹೆದರಿಕೆ ಹುಟ್ಟಿಸದ ಕಾರು ಮಾಡಿದರೆ ಆ ಗುಣವನ್ನು ಯಾವ ಪಟ್ಟಿಯೂ ಪೂರ್ತಿ ಕಸಿಯಲಾರದು. ಒಳ್ಳೆಯ ಎಂಜಿನಿಯರಿಂಗ್ ಈಗ ಕಾಣುವುದು ಅಲ್ಲಿ, ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ.

ಸ್ವಂತ ಹಣದ ವಿಷಯಕ್ಕೆ ಕಾರ್ವೆಟ್ ಜ಼ೀ06 ಜಿಟಿ3.ಆರ್ ನೋಡಿ. ಇಮ್ಸಾದ ಜಿಟಿಡಿ ಪ್ರೊ ವರ್ಗದಲ್ಲಿ ಚಾಲಕರ ದರ್ಜೆಗೆ ಕಟ್ಟುಪಾಡಿಲ್ಲ. ಅಲ್ಲಿ ಕಾರ್ಖಾನೆಯ ಪರವಾಗಿ ಪ್ರ್ಯಾಟ್ ಮಿಲ್ಲರ್ ಓಡಿಸುತ್ತದೆ, ವೃತ್ತಿಪರ ಚಾಲಕರೊಂದಿಗೆ. ಕಾರ್ವೆಟ್ ಮಾರಾಟವಾಗುವ ಮುಖ್ಯ ನಾಡು ಅಮೆರಿಕವೇ. ಡಬ್ಲ್ಯುಇಸಿಯಲ್ಲಿ ಪ್ರತಿ ಜಿಟಿ3 ಕಾರಿಗೂ ಒಬ್ಬ ಬ್ರಾನ್ಜ್ ದರ್ಜೆಯ (ಅಂದರೆ ಹವ್ಯಾಸಿ) ಚಾಲಕ ಬೇಕೇಬೇಕು, ಬಹಳ ಸಲ ತಂಡಕ್ಕೆ ಹಣ ತರುವವರೂ ಅವರೇ. ಅಲ್ಲಿ ಅದೇ ಕಾರನ್ನು ಗ್ರಾಹಕ ತಂಡ ಟಿಎಫ್ ಸ್ಪೋರ್ಟ್ ಓಡಿಸುತ್ತದೆ. ಫೋರ್ಡ್ ಮಸ್ಟಾಂಗ್‌ದೂ ಅದೇ ದಾರಿ: 2024ರಲ್ಲಿ ಇಮ್ಸಾದಲ್ಲಿ ಮಲ್ಟಿಮ್ಯಾಟಿಕ್, ಡಬ್ಲ್ಯುಇಸಿಯಲ್ಲಿ ಪ್ರೋಟಾನ್.

ಶಿರಸಿ_ಪಿಟ್‌ಲೇನ್:
ಜರ್ಮನಿಯ ಡಿಟಿಎಂ ರೇಸ್ ಸರಣಿಯನ್ನೂ ಈ ಲೆಕ್ಕಕ್ಕೆ ಸೇರಿಸಿ. ಆ ಸರಣಿ 2021ರಿಂದ ಜಿಟಿ3 ಕಾರುಗಳಿಗೆ ಹೊರಳಿತು, ಕಾರಿಗೊಬ್ಬನೇ ಚಾಲಕ, ಹವ್ಯಾಸಿಗಳ ಕಡ್ಡಾಯವಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಮರ್ಸಿಡಿಸ್ ಓಡಿಸುತ್ತಿದ್ದರು. 2025ಕ್ಕೆ ಅವರ ಎಚ್‌ಆರ್‌ಟಿ ತಂಡ ಫೋರ್ಡ್ ಕಡೆ ಹೋದಾಗ ಮಸ್ಟಾಂಗ್ ಹತ್ತಿದರು. ಫೋರ್ಡ್‌ಗೆ ಡಿಟಿಎಂ ಬೇಕಾಗಿತ್ತು, ದಾರಿ ಸಿಕ್ಕಿದ್ದು ಮರ್ಸಿಡಿಸ್ ಜೊತೆಗಿದ್ದ ತಂಡದ ಮೂಲಕ. ಮುಂದಿನ ವರ್ಷ ಯಾವ ಕಂಪನಿ ಎಲ್ಲಿರುತ್ತದೆ ಅಂತ ಊಹಿಸಬೇಕಾದರೆ ಕಂಪನಿಯ ಪತ್ರಿಕಾ ಹೇಳಿಕೆ ಬಿಟ್ಟು, ಚಳಿಗಾಲದಲ್ಲಿ ಯಾವ ತಂಡ ಹಳೇ ಕಾರು ಮಾರಾಟಕ್ಕಿಟ್ಟಿದೆ ಅಂತ ನೋಡಿ.